ಇನ್ನೊಬ್ಬಳ ಅವ್ವನ ಮಾತು

ಸುರಪುರದ ಒಂದು ಪದವಿ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಮನೆ ಶಹಾಪುರದಲ್ಲಿ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಗೇ ಇದ್ದಾಳೆ.

ಮೊದಲ ಹತ್ತು ವರ್ಷ ನಾನು ಪಾಠ ಮಾಡಿದ್ದೆಲ್ಲ ಗೈಡಿನಿಂದ. ಇದನ್ನು ಹೇಳಿಕೊಳ್ಳಲು ಈಗ ಅಷ್ಟು ನಾಚಿಕೆಯಿಲ್ಲ, ನಮ್ಮ ಕಡೆ ಬಹಳ ಜನ ಹಾಗೆಯೇ ಮಾಡುತ್ತಾರೆ. ಇಂಗ್ಲಿಷ್ ಸಾಹಿತ್ಯದ ಒಂದೊಂದು ಕಾಲಕ್ಕೂ ಒಂದೊಂದು ವಾಕ್ಯ ಇಟ್ಟುಕೊಂಡಿದ್ದೆ. ಹಳೆಯ ರಾಣಿಯ ಕಾಲದವರು ಅಂದರೆ ಪ್ರೇಮ. ಬಿಳಿ ಟೋಪನ್ ಕೂದಲು ಹಾಕಿಕೊಂಡು ಕೂತ ಕಾಲದವರು ಅಂದರೆ ಬುದ್ಧಿ ಮತ್ತು ಶಿಸ್ತು. ಅವರ ನಂತರದವರು ನಿಸರ್ಗ. ಯುದ್ಧಗಳಾದ ಮೇಲಿನವರು ಒಂಟಿತನ. ಕವಿತೆ ಯಾವುದೇ ಇರಲಿ, ಅದು ಹುಟ್ಟಿದ ಕಾಲ ನೋಡಿ ಆ ವಾಕ್ಯವನ್ನು ಅದರ ಕೊರಳಿಗೆ ಕಟ್ಟುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಪಾಸಾಗುತ್ತಿದ್ದರು.

ನಾನೂ ಹೀಗೆಯೇ ಪಾಸಾದವಳು. ನಾರಾಯಣಪುರ ಡ್ಯಾಮಿನ ಹಿನ್ನೀರಿನ ದಂಡೆಯ ಊರು ನಮ್ಮದು. ಅಪ್ಪ ಹರಗೋಲಿನಲ್ಲಿ ಹೋಗಿ ಬಲೆ ಹಾಕುತ್ತಿದ್ದ, ಅವ್ವ ಬುಟ್ಟಿಯಲ್ಲಿ ಮೀನು ಹೊತ್ತು ಹುಣಸಗಿಯ ಸಂತೆಗೆ ಹೋಗುತ್ತಿದ್ದಳು. ಮನೆಯಲ್ಲಿ ಇಂಗ್ಲಿಷಿನ ಒಂದು ಅಕ್ಷರವೂ ಇರಲಿಲ್ಲ. ನಾನು ಕವಿತೆಗಳ ಸಾರಾಂಶವನ್ನು ಬಾಯಿಪಾಠ ಮಾಡಿ ಎಂ.ಎ. ಮುಗಿಸಿದೆ. ಕಾಲೇಜಿಗೆ ಸೇರಿದ ಹೊಸತರಲ್ಲಿ ಸಹೋದ್ಯೋಗಿಗಳು ಅಪ್ಪನ ಕೆಲಸ ಕೇಳಿದರು. "ಡ್ಯಾಮಿನ್ಯಾಗ ಇದ್ರು" ಅಂದೆ. ಅವರು ನೀರಾವರಿ ಇಲಾಖೆ ಅಂದುಕೊಂಡರು. ನಾನು ತಿದ್ದಲಿಲ್ಲ.

ಹತ್ತು ವರ್ಷ ಹೀಗೆ ಕಳೆದ ಮೇಲೆ ಪಠ್ಯ ಬದಲಾಯಿತು. ಎರಡನೇ ವರ್ಷದವರಿಗೆ ಟೋಪನ್ ಕಾಲದ ಒಂದು ಹೊಸ ಕವಿತೆ ಬಂತು. ಹೆಸರು ಇಲ್ಲಿ ಬೇಡ. ಅದರಲ್ಲಿ ಊರಿನ ಒಬ್ಬ ಬಡವ ತನ್ನ ಜಮೀನ್ದಾರನಿಗೆ ಉದ್ದಕ್ಕೂ ಧನ್ಯವಾದ ಹೇಳುತ್ತಾನೆ. ಊರ ಗೋಮಾಳಕ್ಕೆ ಎತ್ತರದ ಗೋಡೆ ಕಟ್ಟಿಸಿದಿರಿ, ನಮ್ಮ ದನಗಳಿಗೆ ನಡೆಯುವ ದಣಿವು ತಪ್ಪಿತು. ಕಾಳಿನ ಉಗ್ರಾಣಕ್ಕೆ ದೊಡ್ಡ ಬೀಗ ಹಾಕಿಸಿದಿರಿ, ನಮ್ಮ ಹಲ್ಲುಗಳಿಗೆ ಸವೆಯುವ ಕಷ್ಟ ತಪ್ಪಿತು. ನಮ್ಮ ಗುಡಿಸಲು ಕೆಡವಿಸಿದಿರಿ, ಹೊಗೆಯಿಂದ ನಮ್ಮ ಕಣ್ಣುಗಳು ಉಳಿದವು. ಈಗ ಕನ್ನಡದಲ್ಲಿ ಹೀಗೆ ಬರೆದರೆ ಎಂಥವರಿಗೂ ಇದು ಏನೆಂದು ತಿಳಿಯುತ್ತದೆ. ಆದರೆ ಅದರ ಇಂಗ್ಲಿಷು ಹಳೆಯದು, ಒಂದೊಂದು ವಾಕ್ಯವೂ ನಾಲ್ಕು ಸಾಲು ಸುತ್ತಿ ಬರುತ್ತಿತ್ತು, ಕ್ರಿಯಾಪದ ಎಲ್ಲೋ ಕೊನೆಗೆ ಅಡಗಿರುತ್ತಿತ್ತು. ಗೈಡ್ ಇನ್ನೂ ಬಂದಿರಲಿಲ್ಲ. ಬೇರೆ ಊರಿನ ಯಾರೋ ಒಬ್ಬರ ನೋಟ್ಸ್ ವಾಟ್ಸಾಪಿನಲ್ಲಿ ಸಿಕ್ಕಿತು. "ದಾನಶೀಲ ಒಡೆಯನ ಬಗ್ಗೆ ಕೃತಜ್ಞ ಪ್ರಜೆಯ ಸ್ತುತಿ" ಎಂದು ಅದರಲ್ಲಿತ್ತು. ನಾನು ಅದನ್ನೇ ಬೋರ್ಡಿನ ಮೇಲೆ ಬರೆದೆ. ಗೋಡೆ ಎಂದರೆ ರಕ್ಷಣೆ, ಬೀಗ ಎಂದರೆ ಮುಂದಾಲೋಚನೆ ಎಂದು ವಿವರಿಸಿದೆ.

ಎರಡನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಹುಣಸಗಿ ಆಚೆ, ಕೊಡೇಕಲ್ ದಾರಿಯ ಒಂದು ಹಳ್ಳಿಯಿಂದ ಬರುತ್ತಿದ್ದಳು. ತಾಯಿ ಕೂಲಿ ಮಾಡುತ್ತಾಳೆಂದು ವಿದ್ಯಾರ್ಥಿವೇತನದ ಅರ್ಜಿಗೆ ಸಹಿ ಹಾಕುವಾಗ ನೋಡಿದ್ದೆ. ಅದುವರೆಗೆ ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ.

"ಮೇಡಂ, ಅಂವ ಹೊಗಳಾಕತ್ತಿಲ್ಲ ಅನಸ್ತದ್ರಿ. ಬೈಯಾಕತ್ತಾನ್ರಿ."

"ಯಾರು?"

"ಆ ಬಡವ್ರಿ. ಸಾವ್ಕಾರಗ."

"ಧನ್ಯವಾದ ಅಂತ ಹತ್ತು ಸಲ ಅಂದಾನಲ್ಲ. ಅದು ಬೈಗುಳ ಹೆಂಗ ಆಗ್ತದ?"

ಅವಳು ಸ್ವಲ್ಪ ಹಿಂಜರಿದು ಹೇಳಿದಳು. "ನಮ್ಮವ್ವ ಹಿಂಗ ಮಾತಾಡ್ತಾಳ್ರಿ. ಗದ್ದ್ಯಾಗ ಬೆಳಿ ನಡುವಿನ ಕಸ ತಗಿಯೂಮುಂದ ಸಾವ್ಕಾರ ಬಂದು ಬದುವಿನ ಮ್ಯಾಲ ಗಿಡದ ನೆರಳಿಗಿ ನಿಂದರ್ತಾನ್ರಿ. ಆಗ ನಮ್ಮವ್ವ ಅಂತಾಳ, 'ಸಾವ್ಕಾರ್ರ, ನೀವು ನೆರಳಿಗಿ ನಿಂತಿದ್ದಕ್ಕ ನಮ್ಮ ನೆತ್ತಿ ತಂಪಾತ್ರಿ' ಅಂತ. ಅಂವಗ ಖುಷಿ ಆಗ್ತದ್ರಿ. ಹೆಣ್ಮಕ್ಕಳೆಲ್ಲ ಬಗ್ಗಿಕೊಂಡೇ ನಗ್ತಾರ. ಈ ಕವಿತಾನೂ ಹಂಗೇ ಅದ್ರಿ."

ಹಿಂದಿನ ಬೆಂಚುಗಳಲ್ಲಿ ಯಾರೋ ಕಿಸಕ್ಕೆಂದರು. ಆ ಕ್ಷಣ ನನಗೆ ಏನಾಯಿತೆಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅವಳು ಹೇಳಿದ್ದು ಸರಿಯಿರಬಹುದು ಎಂಬ ಸಣ್ಣ ಅನುಮಾನ ಬಂದಿತ್ತು. ಅದು ಬಂದಿದ್ದರಿಂದಲೇ ಸಿಟ್ಟು ಬಂತು. ಗದ್ದೆ, ಕಸ, ಕೂಲಿ ಎಂಬ ಮಾತುಗಳನ್ನು ನನ್ನ ತರಗತಿಯೊಳಗೆ, ಬೋರ್ಡಿನ ಮೇಲೆ ನಾನು ಬರೆದ ಇಂಗ್ಲಿಷಿನ ಪಕ್ಕಕ್ಕೆ ತಂದಿಟ್ಟಳಲ್ಲ ಎಂದೂ ಸಿಟ್ಟು. ನನ್ನ ಮನೆಯ ಮಾತನ್ನು ನಾನು ಎಂದೂ ಹಾಗೆ ತಂದಿರಲಿಲ್ಲ.

"ಇದು ಇಂಗ್ಲಿಷ್ ಸಾಹಿತ್ಯ," ಅಂದೆ. "ನಿಮ್ಮವ್ವನ ಕಸ ತಗಿಯೂ ಮಾತಲ್ಲ. ನಿಮ್ಮವ್ವನ್ನೂ ಕರಕೊಂಡು ಬಾ ನಾಳೆ, ಆಕೀನೇ ಪಾಠ ಮಾಡ್ಲಿ. ನಾ ಹೋಗಿ ಗದ್ದ್ಯಾಗ ಇಳಿತೀನಿ."

ಇಡೀ ತರಗತಿ ನಕ್ಕಿತು. ನಗಲಿ ಎಂದೇ ನಾನು ಹೇಳಿದ್ದು. ಅವಳು ನಗಲಿಲ್ಲ, ಅಳಲೂ ಇಲ್ಲ. ಕೂತು ಪುಸ್ತಕ ಮುಚ್ಚಿದಳು.

ತಿಂಗಳೊಪ್ಪತ್ತಿನಲ್ಲಿ ಆಂತರಿಕ ಪರೀಕ್ಷೆ ಬಂತು. ಆ ಕವಿತೆಯ ಮೇಲೆ ಹತ್ತು ಅಂಕದ ಪ್ರಶ್ನೆ ಕೊಟ್ಟಿದ್ದೆ. ಎಲ್ಲರೂ ನನ್ನ ನೋಟ್ಸಿನಂತೆ ಬರೆದಿದ್ದರು. ಅವಳೊಬ್ಬಳು ತನಗೆ ಕಂಡದ್ದನ್ನೇ ಬರೆದಿದ್ದಳು. ಕಾಗುಣಿತ ತಪ್ಪಿದ, ಮುರುಕಲು ಇಂಗ್ಲಿಷಿನಲ್ಲಿ ಮೂರು ಪುಟ. ಗೋಡೆಯ ಸಾಲು, ಬೀಗದ ಸಾಲು, ಗುಡಿಸಲಿನ ಸಾಲು ಒಂದೊಂದನ್ನೂ ಎತ್ತಿ, ಇಲ್ಲಿ ಕೊಟ್ಟದ್ದೇನು, ಕಸಿದುಕೊಂಡದ್ದೇನು ಎಂದು ತೋರಿಸಿದ್ದಳು. ನಾನು ಎರಡು ಅಂಕ ಹಾಕಿ, ಸ್ವಂತ ಅಭಿಪ್ರಾಯ ಬರೆಯಬಾರದು ಎಂದು ಕೆಂಪು ಶಾಯಿಯಲ್ಲಿ ಷರಾ ಬರೆದೆ.

ಮೂರನೇ ವರ್ಷಕ್ಕೆ ಮುಖ್ಯ ವಿಷಯ ಆರಿಸಿಕೊಳ್ಳುವಾಗ ಅವಳು ಇಂಗ್ಲಿಷ್ ಬಿಟ್ಟು ಸಮಾಜಶಾಸ್ತ್ರ ತೆಗೆದುಕೊಂಡಳು. ವರಾಂಡದಲ್ಲಿ ಎದುರಾದರೆ ನಮಸ್ಕಾರ ಮಾಡುತ್ತಿದ್ದಳು. ಅಷ್ಟೆ. ಅವಳ ಡಿಗ್ರಿ ಮುಗಿಯಿತು, ನಾನು ಮರೆತೆ.

ಅದಾದ ಮರುವರ್ಷ ಯಾದಗಿರಿಯಲ್ಲಿ ಇಂಗ್ಲಿಷ್ ಅಧ್ಯಾಪಕರಿಗೆಂದು ಎರಡು ದಿನದ ಕಾರ್ಯಾಗಾರ ನಡೆಯಿತು. ಕವಿತೆಯನ್ನು, ವಿಡಂಬನೆಯನ್ನು ತರಗತಿಯಲ್ಲಿ ಬಿಡಿಸುವುದು ಹೇಗೆ ಎಂಬುದು ವಿಷಯ. ಬೆಂಗಳೂರು ಕಡೆಯಿಂದ ನಿವೃತ್ತ ಪ್ರಾಧ್ಯಾಪಕರೊಬ್ಬರು ಬಂದಿದ್ದರು. ತೆಳ್ಳಗಿನ ಮನುಷ್ಯ, ಬಹಳ ಮೆತ್ತಗೆ ಮಾತಾಡುತ್ತಿದ್ದರು. ಒಬ್ಬೊಬ್ಬರೂ ತಮಗೆ ಇಷ್ಟವಾದ ಒಂದು ಕವಿತೆಯನ್ನು ಪಾಠ ಮಾಡಿ ತೋರಿಸಬೇಕು ಎಂದರು. ನಾನು ಇದೇ ಕವಿತೆ ಆರಿಸಿಕೊಂಡೆ. ಇಷ್ಟವೇನಲ್ಲ, ನೋಟ್ಸ್ ಬಾಯಿಗೆ ಬರುತ್ತಿತ್ತು.

ಕೃತಜ್ಞತೆ, ಸ್ತುತಿ ಎಂದೆಲ್ಲ ಹೇಳುತ್ತ ಹೋದೆ. ಪ್ರಾಧ್ಯಾಪಕರು ನಡುವೆ ಬಾಯಿ ಹಾಕಲಿಲ್ಲ. ನಾನು ಮುಗಿಸಿದ ಮೇಲೆ, "ಚೆನ್ನಾಗಿ ವಿವರಿಸಿದಿರಿ. ಈಗ ಒಂದ್ಸಲ ಕವಿತೆಯನ್ನು ಗಟ್ಟಿಯಾಗಿ ಓದಿ. ಅರ್ಥ ಹೇಳಬೇಡಿ, ಬರೀ ಓದಿ" ಅಂದರು.

ನಾನು ಓದಿದೆ. ಬೀಗದ ಸಾಲಿಗೆ ಬಂದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ನಕ್ಕರು. ನನ್ನ ಉಚ್ಚಾರ ತಪ್ಪಾಯಿತೇನೋ ಅಂದುಕೊಂಡು ಮತ್ತೆ ಅದೇ ಸಾಲು ಓದಿದೆ. ಇನ್ನಷ್ಟು ಜನ ನಕ್ಕರು. ಗುಡಿಸಲಿನ ಸಾಲಿಗೆ ಬರುವಷ್ಟರಲ್ಲಿ ನನ್ನ ಕಿವಿಗೆ ನನ್ನ ದನಿಯ ಜೊತೆ ಆ ಹುಡುಗಿಯ ದನಿಯೂ ಕೇಳಿತು. ಬಡವ ಬಗ್ಗಿಕೊಂಡು ನಗುತ್ತಿದ್ದಾನೆ. ಇಷ್ಟು ವರ್ಷ ನಾನು ಬದುವಿನ ಮೇಲೆ ನಿಂತು ಖುಷಿಪಟ್ಟಿದ್ದೆ. ಮುಖ ಕಾದು ಹೋಯಿತು.

ಅಲ್ಲಿಯೇ "ತಪ್ಪಾಯಿತು, ನನಗೆ ಇದು ಅರ್ಥವಾಗಿರಲಿಲ್ಲ" ಎಂದು ಕೂತಿದ್ದರೆ ಈ ಬರಹ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಆದರೆ ನಲವತ್ತು ಜನ ಅಧ್ಯಾಪಕರು ನನ್ನನ್ನೇ ನೋಡುತ್ತಿದ್ದರು. ನಾನು ಕಾಗದ ಮೇಜಿನ ಮೇಲಿಟ್ಟು ನಕ್ಕೆ. "ಮೊದಲು ಹೀಗೆ ಸ್ತುತಿ ಅಂತಲೇ ನಂಬಿಸಿ, ಆಮೇಲೆ ಮಕ್ಕಳಿಂದ ಓದಿಸೋದು ನನ್ನ ಪದ್ಧತಿ ಸರ್" ಎಂದೆ. ಅಷ್ಟಕ್ಕೂ ಬಿಡಲಿಲ್ಲ. "ಈ ಮಾತಿನ ಧಾಟಿ ನಮ್ಮ ಕಡೆಯವರಿಗೆ ಹೊಸದಲ್ಲ. ನನ್ನ ಅವ್ವ ಗದ್ದೆಯಲ್ಲಿ ಕಳೆ ತೆಗೆಯುವಾಗ ಸಾಹುಕಾರ ಬಂದು ನೆರಳಲ್ಲಿ ನಿಂತರೆ..." ಎಂದು ಶುರು ಮಾಡಿದೆ. ಆ ಹುಡುಗಿಯ ತಾಯಿಯ ಮಾತನ್ನು ಪೂರ್ತಿ ಹೇಳಿದೆ. ಹೆಂಗಸರು ಬಗ್ಗಿಕೊಂಡೇ ನಗುವುದನ್ನೂ ಬಿಡಲಿಲ್ಲ.

ಸಭೆ ಚಪ್ಪಾಳೆ ತಟ್ಟಿತು. ಪ್ರಾಧ್ಯಾಪಕರು ಎದ್ದು ಬಂದು ಕೈ ಮುಗಿದರು. "ಮುನ್ನೂರು ವರ್ಷ ಹಿಂದಿನ ಕವಿತೆಗೆ ನಿಮ್ಮ ತಾಯಿಯೇ ಭಾಷ್ಯ ಬರೆದುಬಿಟ್ಟರಲ್ಲ. ಇದನ್ನು ಲೇಖನ ಮಾಡಿ ಕೊಡಿ" ಅಂದರು. ಸಂಜೆ ಶಹಾಪುರದ ಬಸ್ಸಿನಲ್ಲಿ ಕೂತಾಗ ನನಗೆ ಸಂಕಟವಾಗಿರಲಿಲ್ಲ. ಸಂತೋಷವಾಗಿತ್ತು. ಈಗ ನೆನೆದರೆ ಅದೇ ಹೆಚ್ಚು ನಾಚಿಕೆ ತರುತ್ತದೆ. ಒಂದು ವಾರದಲ್ಲಿ ಲೇಖನ ಬರೆದು ಕಳಿಸಿದೆ. ಅವಳ ಉತ್ತರಪತ್ರಿಕೆಯ ಮೂರು ಪುಟಗಳಲ್ಲಿ ನೆನಪಿದ್ದುದೆಲ್ಲ ಅದರೊಳಗೆ ಬಂತು. ಕೊಟ್ಟದ್ದೇನು, ಕಸಿದುಕೊಂಡದ್ದೇನು ಎಂಬ ಲೆಕ್ಕವೂ ಸೇರಿ.

ಕಾರ್ಯಾಗಾರದ ಲೇಖನಗಳು ಒಂದು ಸಣ್ಣ ಪುಸ್ತಕವಾಗಿ ಬಂದವು. ಕಾಲೇಜಿನಲ್ಲಿ ನನಗೆ ಶಾಲು ಹೊದಿಸಿದರು. ಕನ್ನಡ ವಿಭಾಗದ ಹಿರಿಯ ಮೇಡಂ ಒಂದು ಭಾನುವಾರ ಹಣ್ಣು ಹಿಡಿದು ನಮ್ಮ ಮನೆಗೇ ಬಂದರು. ನೇರವಾಗಿ ಅವ್ವನ ಹತ್ತಿರ ಹೋಗಿ ಕಾಲಿಗೆ ನಮಸ್ಕರಿಸಿದರು.

"ನಿಮ್ಮ ಮಾತು ಪುಸ್ತಕದಾಗ ಬಂದದ ನೋಡ್ರಿ. ಗದ್ದ್ಯಾಗ ನಿಂತು ಸಾವ್ಕಾರಗ ಎಂಥಾ ಮಾತು ಅಂದೀರಿ!"

ಅವ್ವ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. "ನಾ ಗದ್ದಿಗಿ ಎಲ್ಲಿ ಇಳಿದೇನ್ರಿ? ಮೀನ ಮಾರಾಕಿ ನಾ. ಬುಟ್ಟಿ ಹೊತ್ತು ಹುಣಸಗಿ ತನಕ ಹೋಗ್ತಿದ್ದೆ."

ಮೇಡಂ ನಕ್ಕು, ನಾನು ಇಟ್ಟ ಚಹಾ ಕುಡಿದು, ಬೇರೆ ಮಾತಾಡಿ ಹೋದರು. ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಬಾಗಿಲು ಹಾಕಿ ಬಂದಾಗ ಅವ್ವ ಗೋಡೆಗೆ ಒರಗಿ ಕೂತಿದ್ದಳು.

"ಏನ್ ಬರದೀ?"

ಹೇಳಿದೆ. ಮೊದಲು ಅರ್ಧ ಹೇಳಿದೆ, ಅವಳು ನನ್ನ ಮುಖದಿಂದ ಕಣ್ಣು ತೆಗೆಯದೆ ಇದ್ದುದರಿಂದ ಉಳಿದರ್ಧವನ್ನೂ ಹೇಳಿದೆ. ತರಗತಿಯಲ್ಲಿ ಆಡಿದ ಮಾತನ್ನೂ.

"ನಾ ಮೀನ ಮಾರಿದ್ದು ನಿನಗ ನಾಚಿಕಿ. ಗೊತ್ತದ ನನಗ," ಅಂದಳು. "ಸಂತ್ಯಾಗ ನನ್ನ ಕಂಡರ ಗೆಳತ್ಯಾರ ಹಿಂದ ಅಡಗ್ತಿದ್ದಿ. ಸಣ್ಣಾಕಿ, ಇರ್ಲಿ ಅಂದೆ. ಈಗ ಆ ಹುಡುಗಿಗಿ ಏನ್ ಹೇಳ್ತಿ? ಆಕಿ ಅವ್ವನ್ನ ಆಕಿ ಮುಂದ ಹೀಯಾಳಿಸಿ, ಆಮ್ಯಾಲ ಅದೇ ಅವ್ವನ್ನ ನೀ ತಗೊಂಡಿ."

ಎರಡು ದಿನ ಅವ್ವ ಮಾತಾಡಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದಳು, ಉಂಡು ಏಳುತ್ತಿದ್ದಳು.

ಕಾಲೇಜಿನ ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸಿದಾಗ, ಆ ಹುಡುಗಿ ಹುಣಸಗಿಯ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆಂದು ತಿಳಿಯಿತು. ಶನಿವಾರ ಮಧ್ಯಾಹ್ನ ಹೋದೆ. ಅಂಗಡಿ ಚಿಕ್ಕದು. ಹೊರಗೆ ಪಹಣಿ ತೆಗೆಸಲು ಬಂದ ರೈತರು ಸಾಲಾಗಿ ನಿಂತಿದ್ದರು. ಅವಳು ಕಂಪ್ಯೂಟರಿನ ಮುಂದೆ ಕೂತು ಯಾರದೋ ಆಧಾರ್ ನಂಬರ್ ಒತ್ತುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. "ಬರ್ರಿ ಮೇಡಂ, ಕುಂದರ್ರಿ" ಎಂದು ತನ್ನ ಕುರ್ಚಿಯನ್ನೇ ಕೊಟ್ಟಳು.

ನಾನು ಕೂಡಲಿಲ್ಲ. ಚೀಲದಿಂದ ಪುಸ್ತಕ ತೆಗೆದೆ.

"ಆಗ್ಲೇ ಓದೇನ್ರಿ," ಅಂದಳು ಅವಳೇ. "ಇಲ್ಲಿ ಕಾಲೇಜಿನ ಸರ್ ಒಬ್ಬರು ಮಕ್ಕಳಿಗಿ ಕೊಡಾಕ ನಿಮ್ಮ ಲೇಖನ ಝೆರಾಕ್ಸ್ ಮಾಡಿಸಿದ್ರು. ನಾನೇ ತಗದೇನ್ರಿ, ಮೂವತ್ತು ಪ್ರತಿ. ಮೊದಲನೇ ಪ್ರತಿ ಬಿಸಿ ಇದ್ದಂಗೇ ಓದಿದೆ."

ಒಬ್ಬ ಮುದುಕ ಕಾಗದ ಚಾಚಿದ. ಅವಳು ಅದನ್ನು ಯಂತ್ರದ ಮೇಲಿಟ್ಟು ಮುಚ್ಚಳ ಹಾಕಿದಳು. ಹಸಿರು ಬೆಳಕು ಆ ತುದಿಯಿಂದ ಈ ತುದಿಗೆ ಬಂತು. ಕಾಗದ ಕೊಟ್ಟು ಅವನನ್ನು ಕಳಿಸಿದ ಮೇಲೆ ಮತ್ತೆ ನನ್ನ ಕಡೆ ತಿರುಗಿದಳು.

"ಮನಿಗಿ ಹೋಗಿ ನಮ್ಮವ್ವಗ ಹೇಳಿದೆ. ನಿನ್ನ ಮಾತು ಪುಸ್ತಕದಾಗ ಬಂದದ, ಮೇಡಂ ಅವರ ಅವ್ವ ಅಂದಿದ್ದು ಅಂತ ಬರದಾರ ಅಂತ. ನಮ್ಮವ್ವ ನಕ್ಕಳ್ರಿ. 'ನನಗ ಇನ್ನೊಬ್ಬಾಕಿ ಮಗಳು ಅದಾಳಂತ ಗೊತ್ತೇ ಇರಲಿಲ್ಲ, ನೌಕರಿ ಮಾಡಾಕಿ. ಹಬ್ಬಕ್ಕಾದ್ರೂ ಬರಬೇಕಿಲ್ಲೋ' ಅಂದ್ಲು."

ಹೊರಗೆ ನಿಂತವರು ನಮ್ಮನ್ನೇ ನೋಡುತ್ತಿದ್ದರು. "ತಪ್ಪಾತು," ಅಂದೆ. "ತಂಗಿ, ನಂದು ಬಾಳ ತಪ್ಪಾತು."

"ಲೇಖನದ್ದು ನನಗ ಅಷ್ಟೇನಿಲ್ರಿ," ಅಂದಳು. ದನಿ ಏರಿಸಲಿಲ್ಲ. "ಕವಿತಾ ನಿಮಗ ತಿಳಿದಿರಲಿಲ್ಲ, ಅದೂ ಇರ್ಲಿ. ಕ್ಲಾಸಿನ್ಯಾಗ ಎಲ್ಲಾರನ್ನೂ ನಗಿಸಿದ್ರಲ್ಲ, ಆ ವರ್ಷ ಮುಗಿದ ಮ್ಯಾಲ ನಾ ಮತ್ತ ಇಂಗ್ಲಿಷ್ ಪುಸ್ತಕ ತಗೀಲಿಲ್ರಿ. ಎಂ.ಎ. ಮಾಡಬೇಕು ಅಂತಿದ್ದೆ. ನನ್ನ ಹಿಂದ ಕುಂತ ಹುಡುಗೂರು ವರ್ಷಾನಗಟ್ಲೆ ನನಗ 'ಕಸ ತಗಿಯೂ ಮೇಡಂ' ಅಂತ ಕರದ್ರು. ನಿಮಗ ಅದು ಗೊತ್ತಿತ್ತೇನ್ರಿ?"

ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು. ಒಮ್ಮೆ ವರಾಂಡದಲ್ಲಿ ನಾನು ಆ ಹೆಸರು ಕೇಳಿದ್ದೆ, ಯಾರನ್ನು ಕರೆದರೆಂದು ತಿರುಗಿ ನೋಡದೆ ಹೋಗಿದ್ದೆ. "ಕೇಳಿದ್ದೆ," ಅಂದೆ.

ಅವಳು ತಲೆಯಾಡಿಸಿದಳು. ನಾನು ಏನು ಮಾಡಲಿ ಎಂದು ಕೇಳಿದೆ. "ಅದನ್ನ ನನಗ ಕೇಳ್ತೀರೇನ್ರಿ?" ಅಂದಳು. ಆಮೇಲೆ, "ಇದ್ದದ್ದು ಇದ್ದಂಗ ಬರೀರಿ. ಮತ್ತ ಕ್ಲಾಸಿನ್ಯಾಗ ಹೇಳ್ರಿ. ಅವತ್ತು ನಕ್ಕವರು ಈಗ ಇಲ್ಲ. ಇದ್ದವರಿಗಿ ಹೇಳ್ರಿ" ಅಂದು ಸಾಲಿನಲ್ಲಿದ್ದ ಮುಂದಿನವರನ್ನು ಕರೆದಳು.

ಪುಸ್ತಕದ ಸಂಪಾದಕರಿಗೂ ಪ್ರಾಧ್ಯಾಪಕರಿಗೂ ಕಾಗದ ಬರೆದೆ. ಓದು ಯಾರದು, ಮಾತು ಯಾರದು, ನಾನು ಎರಡು ಅಂಕ ಕೊಟ್ಟದ್ದು, ಎಲ್ಲವನ್ನೂ. ಪ್ರಾಧ್ಯಾಪಕರು ಫೋನ್ ಮಾಡಿದರು. ಬೈಯಲಿಲ್ಲ. "ನಾನು ನಿಮ್ಮನ್ನು ಇನ್ನಷ್ಟು ಪ್ರಶ್ನೆ ಕೇಳಬೇಕಿತ್ತು. ನೀವು ಪಾಠ ಮಾಡುವಾಗ ನಿಮಗೆ ತಿಳಿದಿಲ್ಲ ಅಂತ ನನಗೆ ಅನ್ನಿಸಿತ್ತು" ಅಂದರು. ಆ ಹುಡುಗಿಯ ವಿಳಾಸ ಕೇಳಿದರು. ಸಂಪಾದಕರು ಒಂದು ತಿದ್ದುಪಡಿ ಚೀಟಿ ಮುದ್ರಿಸಿ, ಉಳಿದಿದ್ದ ಪ್ರತಿಗಳಲ್ಲಿ ನನ್ನ ಲೇಖನದ ಮೊದಲ ಪುಟಕ್ಕೆ ಅಂಟಿಸಿದರು. ಅದರಲ್ಲಿ ಅವಳ ಹೆಸರೂ ಅವಳ ತಾಯಿಯ ಹೆಸರೂ ಇದೆ. ಆಗಲೇ ಹೋದ ಪ್ರತಿಗಳಲ್ಲಿ ನಾನು ಇನ್ನೂ ಬೇರೊಬ್ಬಳ ಮಗಳೇ.

ತರಗತಿಯಲ್ಲಿ ಹೇಳುವುದು ಕಾಗದ ಬರೆದಷ್ಟು ಸುಲಭವಾಗಲಿಲ್ಲ. ಎರಡು ವಾರ ಮುಂದೂಡಿದೆ. ಕೊನೆಗೆ ಒಂದು ದಿನ ಅದೇ ಕವಿತೆಯ ಪಾಠ ಬಂತು. ಮೊದಲು ಮಕ್ಕಳಿಂದ ಓದಿಸಿದೆ, ಆಮೇಲೆ ನಡೆದದ್ದನ್ನು ಹೇಳಿದೆ. ಯಾರೂ ನಗಲಿಲ್ಲ. ಮುಂದಿನ ಬೆಂಚಿನವನೊಬ್ಬ ಪೆನ್ನು ಹಿಡಿದು, "ಇದನ್ನೂ ಬರಕೋಬೇಕೇನ್ರಿ ಮೇಡಂ?" ಎಂದು ಕೇಳಿದ. ಬೇಡ ಅಂದೆ. ಪ್ರಿನ್ಸಿಪಾಲರು ಕರೆದು, ಸಂಸ್ಥೆಯ ಹೆಸರು ಕೆಡುತ್ತದೆ, ಇಂಥದ್ದನ್ನೆಲ್ಲ ಮಕ್ಕಳ ಮುಂದೆ ಹೇಳುವುದೇಕೆ ಎಂದರು. ಹಿರಿಯ ಮೇಡಂ ಈಗ ಸ್ಟಾಫ್ ರೂಮಿನಲ್ಲಿ ನನ್ನ ಜೊತೆ ಅಗತ್ಯವಿದ್ದಷ್ಟೇ ಮಾತಾಡುತ್ತಾರೆ. ಅಪ್ಪ ಯಾವ ಇಲಾಖೆಯಲ್ಲೂ ಇರಲಿಲ್ಲ ಎಂದು ಅವರಿಗೆ ನಾನೇ ಹೇಳಿದೆ.

ಹುಡುಗಿಯ ಜೊತೆ ಸ್ನೇಹವೇನೂ ಬೆಳೆಯಲಿಲ್ಲ. ಪ್ರಾಧ್ಯಾಪಕರು ಅವಳಿಗೆ ಕೆಲವು ಪುಸ್ತಕ ಕಳಿಸಿದ್ದಾರೆಂದು ಅವರಿಂದಲೇ ತಿಳಿಯಿತು. ಮೂರನೇ ವರ್ಷದಲ್ಲಿ ಬಿಟ್ಟ ಇಂಗ್ಲಿಷ್ ಪರೀಕ್ಷೆಗಳನ್ನು ಈಗ ಖಾಸಗಿಯಾಗಿ ಶುಲ್ಕ ಕಟ್ಟಿ ಬರೆಯುತ್ತಿದ್ದಾಳಂತೆ. ನನ್ನ ಸಹಾಯ ಕೇಳಲಿಲ್ಲ. ಕೇಳು ಎಂದು ಹೇಳುವ ಧೈರ್ಯವನ್ನು ನಾನೂ ಮಾಡಲಿಲ್ಲ.

ಈ ಬೇಸಿಗೆಯಲ್ಲಿ ಊರಿಗೆ ಹೋಗಿ ಬರುವಾಗ ಹುಣಸಗಿಯಲ್ಲಿ ಸುರಪುರದ ಬಸ್ಸು ಹತ್ತಿ ಕೂತಿದ್ದೆ. ಅವಳು ಒಬ್ಬ ಹೆಂಗಸಿನ ಕೈ ಹಿಡಿದು ಬಸ್ಸಿನೊಳಗೆ ಬಂದಳು. ಸಣ್ಣ ಮೈಯ, ಬಿಸಿಲಿಗೆ ಕಪ್ಪಾದ ಹೆಂಗಸು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಬಸ್ಸು ತುಂಬಿತ್ತು, ನನ್ನ ಪಕ್ಕದ ಒಂದೇ ಜಾಗ ಖಾಲಿ. ಹುಡುಗಿ ನನ್ನನ್ನು ನೋಡಿ ಒಂದು ಗಳಿಗೆ ನಿಂತಳು. ಆಮೇಲೆ, "ಇಲ್ಲೇ ಕುಂದ್ರು ಯವ್ವಾ. ಸುರಪುರದಾಗ ಅಣ್ಣ ಬಸ್ ಸ್ಟ್ಯಾಂಡಿನ್ಯಾಗೇ ನಿಂತಿರ್ತಾನ, ದವಾಖಾನಿಗಿ ಕರಕೊಂಡು ಹೋಗ್ತಾನ" ಎಂದು ಅವಳನ್ನು ನನ್ನ ಪಕ್ಕಕ್ಕೆ ಕೂರಿಸಿ ಇಳಿದು ಹೋದಳು. ನಾನು ಯಾರೆಂದು ತಾಯಿಗೆ ಹೇಳಲಿಲ್ಲ.

ಬಸ್ಸು ಕಾಲುವೆ ದಾಟಿತು. ಆ ಹೆಂಗಸು ತನ್ನ ಕೈಚೀಲ ನನ್ನ ಕಡೆ ಚಾಚಿ, "ಸ್ವಲ್ಪ ಹಿಡೀ ಯವ್ವಾ, ಸೆರಗು ಸರಿ ಮಾಡ್ಕೋತೀನಿ" ಅಂದಳು. ನಾನು ಹಿಡಿದೆ. ಅವಳು ಸೆರಗು ಸರಿ ಮಾಡಿಕೊಂಡು, ಚೀಲದ ಮಾತು ಮರೆತು, ಕಿಟಕಿಯ ಕಡೆ ನೋಡುತ್ತ ಕೂತಳು. ದಾರಿಯಲ್ಲಿ ಎರಡು ಸಲ ಬಾಯಿ ತೆರೆದೆ. ಒಂದು ಸಲ "ನಿಮ್ಮ ಮಗಳು ನನಗೆ ಗೊತ್ತು" ಎಂದು ಶುರು ಮಾಡಬೇಕೆಂದಿದ್ದೆ. ಇನ್ನೊಂದು ಸಲ ನೇರವಾಗಿ ಹೇಳಿಬಿಡಬೇಕೆಂದಿದ್ದೆ. ಸಂಪಾದಕರಿಗೆ ಬರೆದಿದ್ದೆ, ಪ್ರಾಧ್ಯಾಪಕರಿಗೆ ಹೇಳಿದ್ದೆ, ಅರವತ್ತು ಮಕ್ಕಳ ಮುಂದೆ ನಿಂತು ಒಪ್ಪಿಕೊಂಡಿದ್ದೆ. ಈ ಒಬ್ಬಳಿಗೆ ಹೇಳಲಾಗಲಿಲ್ಲ. ಸುರಪುರದಲ್ಲಿ ಅವಳನ್ನು ಇಳಿಸಿ, ಅವಳ ಮಗ ಬಂದು ಕೈ ಹಿಡಿಯುವವರೆಗೆ ಜೊತೆಗೆ ನಿಂತು, ಚೀಲ ಕೊಟ್ಟು, ಶಹಾಪುರದ ಬಸ್ಸು ಹತ್ತಿದೆ.